ಫ್ರೀಡ್ರಿಷ್ ಲೂಡ್‌ವಿಗ್ ಮತ್ತು ಪ್ರಾಚೀನ ಸಂಗೀತದ ಹಸ್ತಪ್ರತಿಗಳು

ಯುರೋಪಿನ ಪ್ರಾಚೀನ ಸಂಗೀತದ ಅಧ್ಯಯನಕ್ಕೆ ಗ್ರಂಥಸಂಪಾದನೆಯ ಶಿಸ್ತನ್ನು ತಂದುಕೊಟ್ಟವರಲ್ಲಿ ಜರ್ಮನ್ ವಿದ್ವಾಂಸ ಫ್ರೀಡ್ರಿಷ್ ಲೂಡ್‌ವಿಗ್ (1872–1930) ಪ್ರಮುಖರು. ಇತಿಹಾಸವನ್ನು ಅಭ್ಯಸಿಸಿದ್ದ ಅವರು ಸ್ಟ್ರಾಸ್‌ಬರ್ಗ್‌ನಲ್ಲಿಯೂ, 1920ರಿಂದ ಗ್ಯೋಟಿಂಗನ್‌ನಲ್ಲಿಯೂ ಸಂಗೀತಶಾಸ್ತ್ರವನ್ನು ಬೋಧಿಸಿದರು.

12–13ನೆಯ ಶತಮಾನಗಳಲ್ಲಿ ಪ್ಯಾರಿಸ್ಸಿನ ನೋತ್ರ್ ದಾಮ್ ಪರಂಪರೆಯಲ್ಲಿ ಬೆಳೆದ ಬಹುಧ್ವನಿ ಗಾಯನವು ಫ್ಲಾರೆನ್ಸ್, ವೋಲ್ಫೆನ್‌ಬ್ಯುಟಲ್ ಮೊದಲಾದೆಡೆಗಳ ಹಸ್ತಪ್ರತಿಗಳಲ್ಲಿ ಮಾತ್ರ ಉಳಿದಿತ್ತು. ಅಲ್ಲಿನ ಒಂಟಿ ಸ್ವರಚಿಹ್ನೆ ತನ್ನ ಕಾಲಪ್ರಮಾಣವನ್ನು ಹೇಳುವುದಿಲ್ಲ. ಚಿಹ್ನೆಗಳನ್ನು ಗುಂಪುಗೂಡಿಸಿರುವ ಕ್ರಮದಿಂದಲೇ ದೀರ್ಘ–ಹ್ರಸ್ವಗಳ ಆವರ್ತನೆಯನ್ನು ಗ್ರಹಿಸಬೇಕು. ನಮ್ಮ ಛಂದಸ್ಸಿನ ಗುರು–ಲಘು ವಿನ್ಯಾಸವನ್ನು ಬಲ್ಲವರಿಗೆ ಇದು ಅಪರಿಚಿತವೆನಿಸದು.

ಒಂದೇ ಅಕ್ಷರವನ್ನು ಎಳೆದು ಹಾಡುವ ಸ್ವರಖಂಡಗಳಿಗೆ ಹೊಸ ಸಾಹಿತ್ಯವನ್ನು ಜೋಡಿಸಿದಾಗ ‘ಮೊಟೆಟ್’ ಎಂಬ ಪ್ರಕಾರ ಹುಟ್ಟಿತೆಂದು ಭಾಷಾಶಾಸ್ತ್ರಜ್ಞ ವಿಲ್ಹೆಲ್ಮ್ ಮೇಯರ್ 1898ರಲ್ಲಿ ತೋರಿಸಿದ್ದರು. ಲೂಡ್‌ವಿಗ್ ಪ್ರತಿಗಳನ್ನು ಪರಸ್ಪರ ಹೋಲಿಸಿ, ಯಾವ ಸ್ವರಖಂಡ ಯಾವ ಮೊಟೆಟ್ಟಿನಲ್ಲಿ ಮರಳಿ ಬಂದಿದೆಯೆಂಬುದನ್ನು ಒಂದೊಂದಾಗಿ ಗುರುತಿಸಿದರು. ಅದರ ಫಲವೇ 1910ರಲ್ಲಿ ಮೊದಲ ಭಾಗ ಪ್ರಕಟವಾದ ‘ರೆಪರ್ಟೋರಿಯಮ್’ ಎಂಬ ಬೃಹತ್ ಸೂಚಿ.

ಫ್ರೀಡ್ರಿಷ್ ಗೆನ್‌ರಿಷ್, ಹೈನ್‌ರಿಷ್ ಬೆಸೆಲರ್ ಮುಂತಾದ ಶಿಷ್ಯರು ಈ ಮಾರ್ಗವನ್ನು ಮುಂದುವರಿಸಿದರು. ಸ್ವರಖಂಡವೇ ಎಲ್ಲೆಡೆ ಮೊದಲಿನದೆಂಬ ನಿಲುವನ್ನು ಮುಂದಿನ ಸಂಶೋಧಕರು ಒಪ್ಪಲಿಲ್ಲ. ಕೆಲವೆಡೆ ಮೊಟೆಟ್ಟೇ ಮೂಲ, ಸಾಹಿತ್ಯವನ್ನು ಕಳಚಿದ ರೂಪ ನಂತರದ್ದು ಎಂದು ವಾದಿಸಿದರು. ಆದರೆ ಆ ವಾದವನ್ನು ಹೂಡಲು ಬೇಕಾದ ಹೋಲಿಕೆಗಳಿಗೂ ಅದೇ ಸೂಚಿ ಆಧಾರವಾಯಿತು. ಲೂಡ್‌ವಿಗ್ ತೀರಿಕೊಂಡಾಗ ಅದರ ಉಳಿದ ಭಾಗದ ಪ್ರಕಟಣೆ ಪೂರ್ಣಗೊಂಡಿರಲಿಲ್ಲ. ಒಂದು ಸಿದ್ಧಾಂತ ತಿದ್ದುಪಡಿಗೆ ಒಳಗಾದ ಮೇಲೂ ಅದಕ್ಕಾಗಿ ಕೂಡಿಹಾಕಿದ ಆಕರಗಳು ಉಪಯುಕ್ತವಾಗಿಯೇ ಉಳಿಯುತ್ತವೆಂಬುದಕ್ಕೆ ಈ ಅಪೂರ್ಣ ಗ್ರಂಥ ಸಾಕ್ಷಿ.