ಹೊಗೆಯ ಹೊಣೆ: ಸಣ್ಣ ಟ್ರ್ಯಾಕ್ಟರಿನ ಮಸಿಶೋಧಕದ ಚರಿತ್ರೆ

ಯಂತ್ರಗಳ ಚರಿತ್ರೆಯನ್ನು ಬರೆದವರು ಅವುಗಳ ಬಲವನ್ನು ಅಳೆದಿದ್ದಾರೆ, ವೇಗವನ್ನು ಕೊಂಡಾಡಿದ್ದಾರೆ, ಅವುಗಳಿಂದ ಉಳಿತಾಯವಾದ ಆಳುಗಳ ಲೆಕ್ಕವನ್ನೂ ಇಟ್ಟಿದ್ದಾರೆ. ಆದರೆ ಅವು ಉಗುಳಿದ ಹೊಗೆ ಎಲ್ಲಿಗೆ ಹೋಯಿತು, ಅದರ ಹೊಣೆಯನ್ನು ಹೊತ್ತವರು ಯಾರು ಎಂದು ಕೇಳಿದವರು ವಿರಳ. ಹೊಗೆ ಆಕಾಶಕ್ಕೆ ಸೇರಿದ್ದು, ಆಕಾಶವಾದರೋ ಎಲ್ಲರಿಗೂ ಸೇರಿದ್ದು. ಆದುದರಿಂದಲೇ ಬಹುಕಾಲ ಅದು ಯಾರ ಲೆಕ್ಕಕ್ಕೂ ಬರಲಿಲ್ಲ. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಈ ಭಾವನೆ ಮೆಲ್ಲಮೆಲ್ಲನೆ ಬದಲಾಯಿತು. ಅಮೆರಿಕದ ಹಣ್ಣಿನ ತೋಟದಲ್ಲಿ ಹುಲ್ಲು ಕತ್ತರಿಸುವ ಮೂವತ್ತು ಅಶ್ವಶಕ್ತಿಯ ಪುಟ್ಟ ಟ್ರ್ಯಾಕ್ಟರು ಕೂಡ ಇಂದು ತನ್ನ ಮಸಿಯನ್ನು ತಾನೇ ಹಿಡಿದು, ತಾನೇ ಸುಟ್ಟು, ಉಳಿದ ಬೂದಿಯನ್ನು ತನ್ನ ಒಡಲಿನಲ್ಲಿಯೇ ಇಟ್ಟುಕೊಳ್ಳಬೇಕಾದಷ್ಟು ದೂರ ಆ ಬದಲಾವಣೆ ಸಾಗಿದೆ. ಇದು ಹೇಗೆ ಸಂಭವಿಸಿತು, ಇದರಿಂದ ಲಾಭವಾದುದು ಯಾರಿಗೆ, ಭಾರವಾದುದು ಯಾರಿಗೆ ಎಂಬುದು ವಿಚಾರಾರ್ಹವಾದ ವಿಷಯ.

೧

ರುಡೋಲ್ಫ್ ಡೀಸೆಲನಿಗೆ ಜರ್ಮನಿಯಲ್ಲಿ ತನ್ನ ಎಂಜಿನಿನ ಹಕ್ಕುಪತ್ರ ದೊರೆತುದು ೧೮೯೩ರಲ್ಲಿ. ೧೮೯೭ರಲ್ಲಿ ಆಗ್ಸ್‌ಬರ್ಗ್ ನಗರದಲ್ಲಿ ಆ ಎಂಜಿನು ಅಧಿಕೃತ ಪರೀಕ್ಷೆಯಲ್ಲಿ ತೇರ್ಗಡೆಯಾಯಿತು. ಉರುವಲಿನ ಶಕ್ತಿಯಲ್ಲಿ ನಾಲ್ಕನೆಯ ಒಂದು ಪಾಲಿಗೂ ಮಿಗಿಲಾದುದನ್ನು ಕೆಲಸವಾಗಿ ಮಾರ್ಪಡಿಸಿತು. ಅಂದಿನ ಉಗಿಯಂತ್ರಗಳಿಗೆ ಇದು ನಿಲುಕದ ಸಾಧನೆ. ಆದರೆ ಈ ಮಿತವ್ಯಯದ ಬೆನ್ನಿಗೇ ಮಸಿಯೂ ಹುಟ್ಟಿಬಂದಿತು. ಡೀಸೆಲ್ ಎಂಜಿನಿನಲ್ಲಿ ಗಾಳಿಯನ್ನು ಮೊದಲು ಬಲವಾಗಿ ಅದುಮಿ ಕಾಯಿಸಿ, ಅನಂತರ ಅದರೊಳಕ್ಕೆ ಎಣ್ಣೆಯನ್ನು ಸಿಂಪಡಿಸುತ್ತಾರೆ. ಕಿಡಿಯ ನೆರವಿಲ್ಲದೆ ಎಣ್ಣೆ ತಾನೇ ಹೊತ್ತಿಕೊಳ್ಳುತ್ತದೆ. ತುಂತುರಿನ ಅಂಚಿನಲ್ಲಿ ಗಾಳಿ ಯಥೇಚ್ಛವಾಗಿದ್ದರೂ ನಡುವಿನಲ್ಲಿ ಆಮ್ಲಜನಕ ಸಾಲದು. ಅಲ್ಲಿ ಎಣ್ಣೆ ಪೂರ್ಣವಾಗಿ ಉರಿಯದೆ ಇಂಗಾಲದ ಸೂಕ್ಷ್ಮ ಕಣಗಳಾಗಿ ಉಳಿಯುತ್ತದೆ. ಬತ್ತಿಯನ್ನು ಅತಿಯಾಗಿ ಏರಿಸಿದ ಕಂದೀಲಿನ ಗಾಜು ಏಕೆ ಕಪ್ಪಾಗುತ್ತದೆಂಬುದನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೀಗೆ ಮಸಿಯೆಂಬುದು ಡೀಸೆಲ್ ಎಂಜಿನಿಗೆ ಹೊರಗಿನಿಂದ ಅಂಟಿದ ದೋಷವಲ್ಲ, ಅದರ ದಹನಕ್ರಮದಲ್ಲಿಯೇ ಅಡಗಿರುವ ಗುಣ.

ಮೊದಮೊದಲು ಈ ಎಂಜಿನು ಕಾರ್ಖಾನೆಗಳಿಗೂ ಹಡಗುಗಳಿಗೂ ತಕ್ಕ ಭಾರಿಯ ಯಂತ್ರವಾಗಿದ್ದಿತು. ಅದನ್ನು ಬೇಸಾಯಗಾರನ ಕೈಗೆ ಎಟುಕುವಂತೆ ಕಿರಿದುಗೊಳಿಸಿದವರಲ್ಲಿ ಜಪಾನಿನವರು ಅಗ್ರಗಣ್ಯರು. ೧೯೧೨ರಲ್ಲಿ ಒಸಾಕಾ ನಗರದಲ್ಲಿ ಯಾಮಾಓಕಾ ಮಾಗೋಕಿಚಿ ಎಂಬಾತ ಸ್ಥಾಪಿಸಿದ ಯನ್ಮಾರ್ ಸಂಸ್ಥೆ ೧೯೩೩ರಲ್ಲಿ ಬಳಕೆಗೆ ಯೋಗ್ಯವಾದ ಸಣ್ಣ ಡೀಸೆಲ್ ಎಂಜಿನನ್ನು ಸಿದ್ಧಪಡಿಸಿತು. ಅದೇ ನಗರದಲ್ಲಿ ೧೮೯೦ರಲ್ಲಿ ಎರಕದ ಕೆಲಸದಿಂದ ಮೊದಲಾದ ಕುಬೋಟಾ ಸಂಸ್ಥೆ ೧೯೬೦ರಲ್ಲಿ ಟ್ರ್ಯಾಕ್ಟರನ್ನು ಹೊರತಂದಿತು. ೧೯೬೯ರಲ್ಲಿ ಇಪ್ಪತ್ತೊಂದು ಅಶ್ವಶಕ್ತಿಯ ಟ್ರ್ಯಾಕ್ಟರಿನೊಡನೆ ಅಮೆರಿಕದ ಮಾರುಕಟ್ಟೆಯನ್ನು ಹೊಕ್ಕಿತು. ಗದ್ದೆಗಳು ಕಿರಿದಾದ ನಾಡಿನಲ್ಲಿ ರೂಪುಗೊಂಡ ಯಂತ್ರಕ್ಕೆ ವಿಶಾಲವಾದ ಹೊಲಗಳ ನಾಡಿನಲ್ಲಿ ಬೇರೊಂದು ಬಗೆಯ ಒಡೆಯರು ದೊರೆತರು. ಹತ್ತಾರು ಎಕರೆಯ ಹಿಡುವಳಿದಾರರು, ತೋಟಗಾರರು, ಕುದುರೆ ಸಾಕುವವರು, ಶಾಲೆಯ ಬಯಲನ್ನು ನೋಡಿಕೊಳ್ಳುವವರು ಇದನ್ನು ಕೊಂಡರು. ಹುಲ್ಲು ಕತ್ತರಿಸುವುದು, ಗೊಬ್ಬರ ಎತ್ತಿಹಾಕುವುದು, ಚಳಿಗಾಲದಲ್ಲಿ ಹಿಮವನ್ನು ಬದಿಗೆ ತಳ್ಳುವುದು ಇದರ ಕೆಲಸಗಳು. ಅರ್ಧ ಗಂಟೆ ದುಡಿಮೆ, ಅನಂತರ ನಿಲುಗಡೆ. ಇದು ಈ ಯಂತ್ರದ ದಿನಚರಿ. ಮುಂದಿನ ಕಥೆಗೆಲ್ಲ ಈ ದಿನಚರಿಯೇ ಮೂಲವಾಯಿತು.

೨

ಅಮೆರಿಕದಲ್ಲಿ ೧೯೭೦ರಲ್ಲಿ ಶುದ್ಧ ವಾಯು ಶಾಸನವು ಬಲಗೊಂಡಿತು. ಪರಿಸರ ರಕ್ಷಣಾ ಸಂಸ್ಥೆಯೂ ಅದೇ ವರ್ಷ ಜನ್ಮತಾಳಿತು. ಆದರೆ ಶಾಸನದ ದೃಷ್ಟಿ ಮೊದಲು ಬಿದ್ದುದು ರಸ್ತೆಯ ಮೇಲಿನ ವಾಹನಗಳ ಮೇಲೆ. ಹೊಲದಲ್ಲಿ ದುಡಿಯುವ ಎಂಜಿನು ಆ ದೃಷ್ಟಿಗೆ ಬೀಳಲು ಇನ್ನೆರಡು ದಶಕಗಳು ಹಿಡಿದುವು. ೧೯೯೦ರ ತಿದ್ದುಪಡಿಯಿಂದ ರಸ್ತೆಗಿಳಿಯದ ಎಂಜಿನುಗಳನ್ನು ನಿಯಂತ್ರಿಸುವ ಅಧಿಕಾರ ಸಂಸ್ಥೆಗೆ ದೊರೆಯಿತು. ೧೯೯೪ರಲ್ಲಿ ಡೀಸೆಲ್ ಎಂಜಿನುಗಳ ಮೊದಲ ಹಂತದ ನಿಯಮಗಳು ರಚಿತವಾದುವು. ಐವತ್ತು ಅಶ್ವಶಕ್ತಿಗಿಂತ ಕಿರಿದಾದ ಎಂಜಿನುಗಳು ೧೯೯೮ರ ನಿಯಮಗಳಿಂದ ಒಳಗೆ ಬಂದುವು. ೨೦೦೪ರಲ್ಲಿ ಪ್ರಕಟವಾದ ನಾಲ್ಕನೆಯ ಹಂತದ ನಿಯಮವು ೨೦೦೮ರಿಂದ ೨೦೧೫ರವರೆಗೆ ಕ್ರಮಕ್ರಮವಾಗಿ ಜಾರಿಗೆ ಬಂದಿತು.

ಈ ಕಟ್ಟುನಿಟ್ಟಿಗೆ ಕಾರಣ ವೈದ್ಯಶಾಸ್ತ್ರದಲ್ಲಿದ್ದಿತು. ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿದ, ಲಿಯೋನ್ ನಗರದ ಕ್ಯಾನ್ಸರ್ ಸಂಶೋಧನ ಸಂಸ್ಥೆ ೧೯೮೮ರಲ್ಲಿ ಡೀಸೆಲ್ ಹೊಗೆಯನ್ನು ‘ಪ್ರಾಯಶಃ ಕ್ಯಾನ್ಸರ್‌ಕಾರಕ’ವೆಂದು ವರ್ಗೀಕರಿಸಿದ್ದಿತು, ೨೦೧೨ರಲ್ಲಿ ‘ಪ್ರಾಯಶಃ’ ಎಂಬ ಮಾತನ್ನು ತೆಗೆದುಹಾಕಿ ಅದನ್ನು ನಿಸ್ಸಂದೇಹವಾದವುಗಳ ಪಟ್ಟಿಗೆ ಸೇರಿಸಿತು. ಅಮೆರಿಕದ ಗಣಿಗಳಲ್ಲಿ ಡೀಸೆಲ್ ಯಂತ್ರಗಳ ನಡುವೆ ದುಡಿದ ಹನ್ನೆರಡು ಸಾವಿರಕ್ಕೂ ಮಿಕ್ಕ ಕೆಲಸಗಾರರ ಆರೋಗ್ಯವನ್ನು ಪರಿಶೀಲಿಸಿದ ಅಧ್ಯಯನವು ಈ ತೀರ್ಮಾನಕ್ಕೆ ಮುಖ್ಯ ಆಧಾರಗಳಲ್ಲೊಂದು. ಕಣ್ಣಿಗೆ ಕಾಣುವ ಕರಿಹೊಗೆಗಿಂತ ಕಾಣದ ಸೂಕ್ಷ್ಮಕಣಗಳೇ ಶ್ವಾಸಕೋಶದ ಆಳಕ್ಕೆ ಇಳಿಯುತ್ತವೆ. ಈ ಹೊಗೆಗೆ ಅತ್ಯಂತ ಸಮೀಪದಲ್ಲಿ ಕುಳಿತಿರುವವನು ಟ್ರ್ಯಾಕ್ಟರನ್ನು ನಡೆಸುವವನೇ ಎಂಬುದನ್ನು ಮರೆಯಲಾಗದು.

ನಿಯಮದ ಅಂಕಿಗಳನ್ನು ಗಮನಿಸಿದರೆ ಅದರ ತೀವ್ರತೆ ತಿಳಿಯುತ್ತದೆ. ಸುಮಾರು ಇಪ್ಪತ್ತೈದರಿಂದ ಐವತ್ತು ಅಶ್ವಶಕ್ತಿಯ ಎಂಜಿನು ಒಂದು ಕಿಲೋವ್ಯಾಟ್ ಗಂಟೆಯ ಕೆಲಸಕ್ಕೆ ೨೦೦೪ರಲ್ಲಿ ೦.೬೦ ಗ್ರಾಂ ಕಣಗಳನ್ನು ಬಿಡಬಹುದಾಗಿದ್ದಿತು. ೨೦೦೮ರಲ್ಲಿ ಇದು ೦.೩೦ ಗ್ರಾಮಿಗೆ, ೨೦೧೩ರಲ್ಲಿ ೦.೦೩ ಗ್ರಾಮಿಗೆ ಇಳಿಯಿತು. ಒಂಬತ್ತು ವರ್ಷಗಳಲ್ಲಿ ಇಪ್ಪತ್ತರಲ್ಲೊಂದು ಪಾಲು! ಎಂಜಿನನ್ನು ತಿದ್ದುವುದರಿಂದ ಮಾತ್ರವೇ ಇಷ್ಟನ್ನು ಸಾಧಿಸುವುದು ದುಸ್ತರ. ಕೆಲವು ತಯಾರಕರು ಶೋಧಕವಿಲ್ಲದೆಯೇ ಗುರಿ ಮುಟ್ಟುವ ದಾರಿಯನ್ನು ಅರಸಿದರೂ ಬಹುಮಂದಿಗೆ ಹೊಗೆಯ ಕೊಳವೆಯಲ್ಲಿ ಸೋಸುವ ಸಾಧನವನ್ನಿಡುವುದು ಅನಿವಾರ್ಯವಾಯಿತು.

೩

ಆ ಸಾಧನವಾದರೂ ಟ್ರ್ಯಾಕ್ಟರಿಗಾಗಿ ಹುಟ್ಟಿದುದಲ್ಲ. ಅಮೆರಿಕದ ಕಾರ್ನಿಂಗ್ ಸಂಸ್ಥೆಯಲ್ಲಿ ೧೯೭೦ರ ದಶಕದಲ್ಲಿ ಜೇನುಹುಟ್ಟಿನಂತೆ ಸಹಸ್ರಾರು ಸಣ್ಣ ಕಾಲುವೆಗಳುಳ್ಳ ಪಿಂಗಾಣಿಯ ದಿಂಡನ್ನು ರೂಪಿಸಿದರು. ಕಾಲುವೆಗಳ ಬಾಯಿಗಳನ್ನು ಒಂದು ಬಿಟ್ಟು ಒಂದರಂತೆ ಆಚೀಚೆಯ ತುದಿಗಳಲ್ಲಿ ಮುಚ್ಚಿದರೆ, ಒಳಹೊಕ್ಕ ಹೊಗೆ ಮುಂದೆ ದಾರಿಗಾಣದೆ ಸೂಕ್ಷ್ಮರಂಧ್ರಗಳ ಗೋಡೆಯ ಮೂಲಕವೇ ಪಕ್ಕದ ಕಾಲುವೆಗೆ ಹಾಯಬೇಕಾಗುತ್ತದೆ. ಮಸಿ ಗೋಡೆಯಲ್ಲಿ ನಿಲ್ಲುತ್ತದೆ. ೧೯೮೫ರಲ್ಲಿ ಮರ್ಸಿಡಿಸ್ ಸಂಸ್ಥೆ ಕ್ಯಾಲಿಫೋರ್ನಿಯದಲ್ಲಿ ಮಾರಿದ ಕೆಲವು ಡೀಸೆಲ್ ಕಾರುಗಳಲ್ಲಿ ಮಸಿಹಿಡಿಕವನ್ನು ಅಳವಡಿಸಿತು. ಆ ಪ್ರಯತ್ನ ಬೇರೂರಲಿಲ್ಲ. ೨೦೦೦ದಲ್ಲಿ ಫ್ರಾನ್ಸಿನ ಪೆಜೋ ಸಂಸ್ಥೆ ತನ್ನ ೬೦೭ ಎಂಬ ಕಾರಿನಲ್ಲಿ ಶೋಧಕವನ್ನಿಟ್ಟು, ಉರುವಲಿಗೆ ಸೀರಿಯಂ ಲೋಹದ ಸಂಯುಕ್ತವನ್ನು ಬೆರೆಸಿ ಮಸಿ ಕಡಿಮೆ ಶಾಖದಲ್ಲಿಯೇ ಉರಿಯುವಂತೆ ಮಾಡಿದಂದಿನಿಂದ ಇದು ವ್ಯಾಪಕವಾದ ಬಳಕೆಯ ಹಾದಿ ಹಿಡಿಯಿತು.

ಮಸಿಯನ್ನು ಹಿಡಿಯುವುದು ಸುಲಭ, ಹಿಡಿದುದನ್ನು ತೊಲಗಿಸುವುದೇ ಕಷ್ಟ. ಮಸಿ ತುಂಬಿದ ಶೋಧಕವು ಎಂಜಿನಿನ ಉಸಿರು ಕಟ್ಟಿಸುತ್ತದೆ. ಅದನ್ನು ಅಲ್ಲಿಯೇ ಸುಟ್ಟು ಶೋಧಕವನ್ನು ಮತ್ತೆ ಹಸನುಗೊಳಿಸುವ ಕ್ರಿಯೆಗೆ ‘ರೀಜನರೇಷನ್’ ಎಂದು ಹೆಸರು, ಪುನಶ್ಚೇತನವೆಂದು ಕರೆಯಬಹುದು. ಇದು ಮೂರು ಬಗೆ. ಮೊದಲನೆಯದು ಸಹಜವಾದದ್ದು: ಪ್ಲಾಟಿನಂ ಲೇಪವುಳ್ಳ ವೇಗವರ್ಧಕವು ಹೊಗೆಯಲ್ಲಿನ ಸಾರಜನಕದ ಆಕ್ಸೈಡನ್ನು ಡೈಆಕ್ಸೈಡಾಗಿ ಮಾರ್ಪಡಿಸುತ್ತದೆ, ಅದು ಸುಮಾರು ೨೫೦ರಿಂದ ೪೦೦ ಡಿಗ್ರಿ ಸೆಂಟಿಗ್ರೇಡಿನಲ್ಲಿಯೇ ಮಸಿಯನ್ನು ಸುಡುತ್ತದೆ. ಎರಡನೆಯದು ಸಕ್ರಿಯವಾದದ್ದು: ಶಾಖ ಸಾಲದಾದಾಗ ಎಂಜಿನು ದಹನದ ಕೊನೆಯಲ್ಲಿ ಒಂದಿಷ್ಟು ಎಣ್ಣೆಯನ್ನು ಹೆಚ್ಚಾಗಿ ಸಿಂಪಡಿಸುತ್ತದೆ, ಆ ಎಣ್ಣೆ ವೇಗವರ್ಧಕದಲ್ಲಿ ಉರಿದು ಉಷ್ಣಮಾನವನ್ನು ೬೦೦ ಡಿಗ್ರಿಯ ಸನಿಹಕ್ಕೆ ಒಯ್ಯುತ್ತದೆ, ಆಗ ಆಮ್ಲಜನಕವೇ ಮಸಿಯನ್ನು ಸುಡುತ್ತದೆ. ಮೂರನೆಯದು ನಿಂತಲ್ಲಿ ನಡೆಯುವಂಥದು: ಚಾಲಕನು ಟ್ರ್ಯಾಕ್ಟರನ್ನು ನಿಲ್ಲಿಸಿ, ಗುಂಡಿಯೊತ್ತಿ, ಕೆಲಸವನ್ನು ಬಿಟ್ಟು, ದಹನ ಮುಗಿಯುವವರೆಗೆ ಕಾಯಬೇಕು. ಆ ಹೊತ್ತಿನಲ್ಲಿ ಕೊಳವೆಯಿಂದ ಹೊರಬರುವ ಗಾಳಿ ಎಷ್ಟು ಬಿಸಿಯಾಗಿರುತ್ತದೆಂದರೆ ಒಣಹುಲ್ಲಿನ ಮೇಲಾಗಲಿ ಕೊಟ್ಟಿಗೆಯೊಳಗಾಗಲಿ ಈ ಕಾರ್ಯ ನಡೆಯಲಾಗದು.

ಇದಕ್ಕೆಲ್ಲ ಪೂರ್ವಸಿದ್ಧತೆಯಾಗಿ ಎಣ್ಣೆಯೂ ಶುದ್ಧವಾಗಬೇಕಾಗಿದ್ದಿತು. ಗಂಧಕವು ವೇಗವರ್ಧಕವನ್ನು ಕೆಡಿಸುತ್ತದೆ, ತಾನೇ ಸಲ್ಫೇಟಿನ ಕಣವಾಗಿಯೂ ಹೊರಬರುತ್ತದೆ. ಅಮೆರಿಕದಲ್ಲಿ ಹೊಲದ ಯಂತ್ರಗಳ ಡೀಸೆಲ್ ಎಣ್ಣೆಯ ಹತ್ತು ಲಕ್ಷ ಭಾಗದಲ್ಲಿ ಸುಮಾರು ಮೂರು ಸಾವಿರ ಭಾಗವಿದ್ದ ಗಂಧಕವು ೨೦೦೭ರಲ್ಲಿ ೫೦೦ಕ್ಕೂ ೨೦೧೦ರಲ್ಲಿ ೧೫ಕ್ಕೂ ಇಳಿಯಿತು. ಇಷ್ಟಾದರೂ ಸುಡಲಾಗದ ಒಂದು ಶೇಷ ಉಳಿಯಿತು. ಎಂಜಿನಿನ ಕೀಲೆಣ್ಣೆಯಲ್ಲಿರುವ ಕ್ಯಾಲ್ಸಿಯಂ, ಸತು ಮೊದಲಾದವುಗಳ ಬೂದಿ ಶೋಧಕದಲ್ಲಿಯೇ ನಿಲ್ಲುತ್ತದೆ; ಅದನ್ನು ಕಳಚಿ ತೊಳೆಸಬೇಕು. ಈ ವರ್ಗದ ಎಂಜಿನುಗಳಲ್ಲಿ ಮೂರು ಸಾವಿರ ಗಂಟೆಗಳ ದುಡಿಮೆಯೊಳಗೆ ಅಂಥ ಅಗತ್ಯ ಬೀಳಕೂಡದೆಂದು ನಿಯಮವೇ ವಿಧಿಸಿತು.

೪

ಯಂತ್ರದ ದಿನಚರಿಗೂ ಶೋಧಕದ ಸ್ವಭಾವಕ್ಕೂ ಇರುವ ವಿರೋಧ ಇಲ್ಲಿ ಸ್ಪಷ್ಟವಾಗುತ್ತದೆ. ಹೆದ್ದಾರಿಯಲ್ಲಿ ಗಂಟೆಗಟ್ಟಲೆ ಭಾರ ಹೊತ್ತು ಓಡುವ ಲಾರಿಯ ಹೊಗೆ ತಾನಾಗಿಯೇ ಬಿಸಿಯಾಗಿರುತ್ತದೆ. ಅಲ್ಲಿ ಶೋಧಕ ಹೆಚ್ಚು ತೊಂದರೆಯಿಲ್ಲದೆ ಹಸನಾಗುತ್ತದೆ. ಸಣ್ಣ ಟ್ರ್ಯಾಕ್ಟರಾದರೋ ಹಗುರವಾದ ಕೆಲಸದಲ್ಲಿ ಎರಡುನೂರು ಡಿಗ್ರಿಯನ್ನೂ ಮುಟ್ಟದೆ ಇರುವುದುಂಟು. ಅದು ತಣ್ಣಗೆ ದುಡಿದಷ್ಟೂ ಮಸಿ ಕಟ್ಟುತ್ತದೆ. ಕಟ್ಟಿದ ಮಸಿಯನ್ನು ಸುಡಲು ಹೊರಟಾಗಲೇ ಒಡೆಯನು ಕೆಲಸ ಮುಗಿಸಿ ಬೀಗದಕೈ ತಿರುಗಿಸಿಬಿಡುತ್ತಾನೆ. ಅರ್ಧಕ್ಕೆ ನಿಂತ ದಹನಗಳು ಹೆಚ್ಚಿದಂತೆ, ಹೆಚ್ಚಾಗಿ ಸಿಂಪಡಿಸಿದ ಡೀಸೆಲ್ ಸಿಲಿಂಡರಿನ ಗೋಡೆಯಿಂದ ಜಾರಿ ಕೀಲೆಣ್ಣೆಯಲ್ಲಿ ಬೆರೆತು ಅದನ್ನು ತೆಳುವಾಗಿಸುತ್ತದೆ. ಎಚ್ಚರಿಕೆಯ ದೀಪವನ್ನು ಕಡೆಗಣಿಸುತ್ತ ಹೋದರೆ ಎಂಜಿನು ತನ್ನ ಬಲವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಕೊನೆಗೆ ಮಾರಾಟಗಾರನ ಗಣಕಯಂತ್ರವಿಲ್ಲದೆ ಚೇತರಿಸಿಕೊಳ್ಳದು. ಸುತ್ತಿಗೆ ಸ್ಪ್ಯಾನರುಗಳಿಂದ ತನ್ನ ಯಂತ್ರವನ್ನು ತಾನೇ ಸರಿಪಡಿಸಿಕೊಳ್ಳುತ್ತಿದ್ದ ರೈತನಿಗೆ ಇದು ಖರ್ಚಿನ ಪ್ರಶ್ನೆಯಷ್ಟೇ ಅಲ್ಲ, ಸ್ವಾತಂತ್ರ್ಯದ ಪ್ರಶ್ನೆಯೂ ಆಯಿತು. ರಿಪೇರಿಯ ಹಕ್ಕಿಗಾಗಿ ಅಮೆರಿಕದ ರೈತರು ಎತ್ತಿದ ಕೂಗಿಗೆ ಇದೂ ಒಂದು ಕಾರಣ.

ಶಾಸನವು ಎಳೆದ ಗೆರೆಯೂ ತನ್ನದೇ ಪರಿಣಾಮವನ್ನು ಬೀರಿತು. ಹತ್ತೊಂಬತ್ತು ಕಿಲೋವ್ಯಾಟ್, ಎಂದರೆ ಸುಮಾರು ಇಪ್ಪತ್ತೈದು ಅಶ್ವಶಕ್ತಿಗಿಂತ ಕೆಳಗಿನ ಎಂಜಿನುಗಳಿಗೆ ೦.೪೦ ಗ್ರಾಮಿನ ಮಿತಿಯೇ ಉಳಿಯಿತು. ಗೆರೆಯ ಈಚೆಗೊಂದು ನೀತಿ, ಆಚೆಗೆ ಹದಿಮೂರು ಪಟ್ಟು ಕಠಿನವಾದ ಇನ್ನೊಂದು ನೀತಿ. ತಯಾರಕರು ಗೆರೆಯ ಕೆಳಗೇ ನಿಲ್ಲುವಂತೆ ಇಪ್ಪತ್ತನಾಲ್ಕು ಚಿಲ್ಲರೆ ಅಶ್ವಶಕ್ತಿಯ ಟ್ರ್ಯಾಕ್ಟರುಗಳನ್ನು ಕಟ್ಟತೊಡಗಿದರು. ಕೊಳ್ಳುವವರೂ ಅವನ್ನೇ ಅರಸಿದರು. ಎಂಜಿನಿನ ಗಾತ್ರವನ್ನು ಹೊಲವಾಗಲಿ ಬೆಳೆಯಾಗಲಿ ನಿರ್ಧರಿಸದೆ ಸರ್ಕಾರದ ಕೋಷ್ಟಕ ನಿರ್ಧರಿಸಿತೆಂಬುದು ಯಂತ್ರಚರಿತ್ರೆಯಲ್ಲಿ ಗಮನಾರ್ಹ. ಯೂರೋಪು ಕೂಡ ೨೦೧೯ರಿಂದ ಜಾರಿಗೆ ತಂದ ತನ್ನ ಐದನೆಯ ಹಂತದಲ್ಲಿ ಹತ್ತೊಂಬತ್ತು ಕಿಲೋವ್ಯಾಟಿನ ಗೆರೆಯನ್ನೇ ಉಳಿಸಿಕೊಂಡಿತು. ಆದರೆ ಅದರ ಮೇಲಿನವುಗಳಿಗೆ ಕಣಗಳ ತೂಕವನ್ನಲ್ಲದೆ ಸಂಖ್ಯೆಯನ್ನೂ ಮಿತಿಗೊಳಪಡಿಸಿತು. ಹೀಗಾಗಿ ಶೋಧಕವಿಲ್ಲದೆ ಪಾರಾಗುವ ದಾರಿ ಅಲ್ಲಿ ಇನ್ನಷ್ಟು ಕಿರಿದಾಯಿತು.

ಶೋಧಕವನ್ನು ಕಿತ್ತೊಗೆದವರೂ ಉಂಟು. ಅಮೆರಿಕದಲ್ಲಿ ಇದು ಶಾಸನಬಾಹಿರ. ಕಿತ್ತವನ ಸಂಕಟ ನಿಜವಾದುದೇ; ಆದರೆ ಅವನು ಕಿತ್ತೊಗೆದ ಮಸಿ ಇಲ್ಲವಾಗುವುದಿಲ್ಲ, ಶೋಧಕದಿಂದ ಎದೆಗೂಡಿಗೆ ವರ್ಗವಾಗುತ್ತದೆ, ಅದರಲ್ಲಿಯೂ ಮೊದಲು ಅವನ ಎದೆಗೂಡಿಗೇ. ಹಾಗೆಂದು ದೂರೆಲ್ಲವನ್ನೂ ರೈತನ ಅಜ್ಞಾನವೆಂದು ತಳ್ಳಿಹಾಕುವುದೂ ನ್ಯಾಯವಲ್ಲ. ಲಾರಿಗೆಂದು ಬೆಳೆದ ಸಾಧನವನ್ನು ಬೇರೆ ಲಯದಲ್ಲಿ ದುಡಿಯುವ ಯಂತ್ರಕ್ಕೆ ತೊಡಿಸಿದಾಗ ಆ ಲಯಭೇದದ ಬೆಲೆಯನ್ನು ತೆತ್ತವನು ಅವನೇ. ತಯಾರಕನು ಬೆಲೆಗೆ ಸೇರಿಸಿದ, ಸರ್ಕಾರ ಗಡುವು ವಿಧಿಸಿತು. ಹೊಲದ ನಡುವೆ ನಿಂತು ಕಾಯಬೇಕಾದವನು ಚಾಲಕ.

ಭಾರತದಲ್ಲಿಯೂ ಈ ಪ್ರಶ್ನೆ ಹೊಸ್ತಿಲಿಗೆ ಬಂದಿದೆ. ದೆಹಲಿಯಲ್ಲಿ ೨೦೧೮ರಲ್ಲಿಯೂ ದೇಶದಾದ್ಯಂತ ೨೦೨೦ರ ಏಪ್ರಿಲಿನಲ್ಲಿಯೂ ಹತ್ತು ಲಕ್ಷಕ್ಕೆ ಹತ್ತೇ ಭಾಗ ಗಂಧಕವುಳ್ಳ ಎಣ್ಣೆ ಬಳಕೆಗೆ ಬಂದಿತು. ಎಂದರೆ ಶೋಧಕಕ್ಕೆ ಬೇಕಾದ ಮೊದಲ ಅನುಕೂಲತೆ ಒದಗಿತು. ಐವತ್ತು ಅಶ್ವಶಕ್ತಿಗೆ ಮೇಲ್ಪಟ್ಟ ಟ್ರ್ಯಾಕ್ಟರುಗಳಿಗೆ ಟ್ರೆಮ್ ನಾಲ್ಕನೆಯ ಹಂತದ ನಿಯಮಗಳು, ಒಂದಕ್ಕಿಂತ ಹೆಚ್ಚು ಸಲ ಮುಂದೂಡಲ್ಪಟ್ಟು, ೨೦೨೩ರ ಜನವರಿಯಿಂದ ಅನ್ವಯವಾದುವು. ಆದರೆ ಈ ನಾಡಿನ ಟ್ರ್ಯಾಕ್ಟರುಗಳಲ್ಲಿ ಬಹುಪಾಲು ಐವತ್ತರ ಕೆಳಗಿನವು. ಅವುಗಳ ಒಡೆಯರೂ ಸಣ್ಣ ಹಿಡುವಳಿದಾರರು. ಮಹಾನಗರಗಳಲ್ಲಿ ನೆಲೆಸಿ ಕೆಟ್ಟ ಗಾಳಿಯ ಅನುಭವವುಳ್ಳವರು ನಿಯಮ ಬೇಗ ಬರಲೆಂದು ಬಯಸುವುದು ಸಹಜ. ಅವರಲ್ಲಿ ಅನೇಕರ ಊರುಮನೆಗಳಲ್ಲಿ ಅದೇ ನಿಯಮದ ವೆಚ್ಚವನ್ನು ಹೊರಬೇಕಾದವರೂ ಇದ್ದಾರೆ. ಅಮೆರಿಕದ ನಿದರ್ಶನದಿಂದ ಕಲಿಯಬೇಕಾದುದು ಶೋಧಕ ಬೇಡವೆಂದಲ್ಲ; ಯಂತ್ರ ನಿಜವಾಗಿ ಹೇಗೆ ದುಡಿಯುತ್ತದೆಂಬುದನ್ನು ಹೊಲದಲ್ಲಿ ನಿಂತು ನೋಡಿದ ಮೇಲೆ ಮಿತಿಯನ್ನೂ ಗಡುವನ್ನೂ ಗೊತ್ತುಪಡಿಸಬೇಕು, ರಿಪೇರಿಯ ವಿದ್ಯೆ ಹಳ್ಳಿಯ ಮೆಕ್ಯಾನಿಕ್ಕಿಗೂ ದಕ್ಕುವಂತಿರಬೇಕು ಎಂಬುದು.