ಫೀಡ್ ಡೈರೆಕ್ಟರಿಗಳು ಓದುಗರನ್ನು ಕಳೆದುಕೊಂಡ ಬಗೆ

ಬ್ಲಾಗುಗಳ ಭರಾಟೆ ಇಳಿದದ್ದು ಏಕೆಂದು ಕೇಳಿದರೆ ಹೆಚ್ಚಿನವರು ಫೇಸ್‌ಬುಕ್ಕಿನ ಕಡೆ ಬೆರಳು ತೋರಿಸುತ್ತಾರೆ. ಒಳಗಿನ ಸಂಗತಿ ಬಲ್ಲವರು, 2013ರ ಜುಲೈ 1ರಂದು ಹಲವು ಬ್ಲಾಗುಗಳನ್ನು ಒಂದೆಡೆ ಓದಿಸುತ್ತಿದ್ದ ತನ್ನ ರೀಡರ್ ಸೇವೆಯನ್ನು ಗೂಗಲ್ ಮುಚ್ಚಿದ್ದನ್ನು ನೆನಪಿಸುತ್ತಾರೆ. ಎರಡೂ ಪೆಟ್ಟುಗಳು ಬಿದ್ದದ್ದು ನಿಜ. ಆದರೆ ಅವು ಬೀಳುವ ಹೊತ್ತಿಗೆ ಬ್ಲಾಗುಲೋಕದ ಒಂದು ಮುಖ್ಯ ಅಂಗ ಆಗಲೇ ನಿಷ್ಪ್ರಯೋಜಕವಾಗಿತ್ತು. ಹೊಸ ಬರಹಗಾರನನ್ನು ಅಪರಿಚಿತ ಓದುಗನ ಬಳಿಗೆ ಕರೆದೊಯ್ಯಬೇಕಿದ್ದ ಫೀಡ್ ಡೈರೆಕ್ಟರಿಗಳೇ ಆ ಅಂಗ. ಅವನ್ನು ಹೊರಗಿನ ಯಾವ ಶತ್ರುವೂ ಕೊಲ್ಲಲಿಲ್ಲ. ಓದುವವರಿಗಾಗಿ ಹುಟ್ಟಿದ ಪಟ್ಟಿಗಳು ಬರೆಯುವವರ ಪ್ರಚಾರಕ್ಕೆ ಮೀಸಲಾದವು. ಓದುಗ ಅಲ್ಲಿಂದ ಎದ್ದು ಹೋದ.

ಆರ್‌ಎಸ್‌ಎಸ್ ಎಂಬ ಮಾದರಿಯ ಫೀಡ್ ಹುಟ್ಟಿದ್ದು 1999ರ ಮಾರ್ಚ್‌ನಲ್ಲಿ, ನೆಟ್‌ಸ್ಕೇಪ್ ಕಂಪನಿಯಲ್ಲಿ. ಮದ್ರಾಸ್ ಐಐಟಿಯಲ್ಲಿ ಓದಿದ ರಾಮನಾಥನ್ ಗುಹಾ ಮತ್ತು ಡ್ಯಾನ್ ಲಿಬಿ ಆರ್‌ಎಸ್‌ಎಸ್‌ನ ಮೊದಲ ರೂಪವನ್ನು ಸಿದ್ಧಪಡಿಸಿದಾಗ ಅವರ ಮುಂದಿದ್ದದ್ದು ಓದುಗನ ಅನುಕೂಲ: ತನಗೆ ಬೇಕಾದ ತಾಣಗಳ ಹೊಸ ತಲೆಬರಹಗಳು ಅವನ ಒಂದೇ ಪುಟಕ್ಕೆ ಬಂದು ಸೇರಬೇಕು. ಅದೇ ವರ್ಷ ಆಗಸ್ಟ್‌ನಲ್ಲಿ ಬ್ಲಾಗರ್ ಸೇವೆ ಶುರುವಾಯಿತು, ಬರೆಯುವವರು ಹೆಚ್ಚಿದರು. ಡೇವ್ ವೈನರ್ 2002ರಲ್ಲಿ ಆರ್‌ಎಸ್‌ಎಸ್ 2.0 ಪ್ರಕಟಿಸಿದ ಮೇಲೆ ಈ ಮಾದರಿ ಬೇರೂರಿತು. ಆದರೆ ಫೀಡ್ ಎಂಬುದು ಕಣ್ಣಿಗೆ ಬೀಳದ ಒಂದು ಫೈಲು. ಯಾವ ತಾಣಕ್ಕೆ ಫೀಡ್ ಇದೆ, ಅದರ ವಿಳಾಸ ಯಾವುದು ಎಂದು ಯಾರಾದರೂ ಹೇಳಬೇಕಿತ್ತು. 2001ರಲ್ಲಿ ಆರಂಭವಾದ ಸಿಂಡಿಕ್‌ಏಟ್ ಎಂಬ ತಾಣ ಮಾಡಿದ್ದು ಈ ಕೆಲಸವನ್ನೇ. ಅಲ್ಲಿ ಸ್ವಯಂಸೇವಕರು ಬಂದ ಫೀಡ್‌ಗಳನ್ನು ತೆರೆದು ನೋಡಿ ಪಟ್ಟಿಗೆ ಸೇರಿಸುತ್ತಿದ್ದರು. ಒಬ್ಬ ಮನುಷ್ಯ ನೋಡಿ ಒಪ್ಪಿದ್ದಾನೆ ಎಂಬುದೇ ಆ ಪಟ್ಟಿಯ ಬೆಲೆಯಾಗಿತ್ತು.

ಬದಲಾವಣೆ ಬಂದದ್ದು ಪಿಂಗ್‌ನಿಂದ. ಹೊಸ ಬರಹ ಹಾಕಿದ ಕೂಡಲೇ ಬ್ಲಾಗು ತಾನೇ ಒಂದು ಸರ್ವರ್‌ಗೆ ಸುದ್ದಿ ಮುಟ್ಟಿಸುವ ಏರ್ಪಾಟು ಅದು. ವೈನರ್ ಅವರ ವೆಬ್‌ಲಾಗ್ಸ್.ಕಾಮ್ ಈ ಸುದ್ದಿಗಳನ್ನು ಪಟ್ಟಿ ಮಾಡಿ ಎಲ್ಲರಿಗೂ ಕೊಡುತ್ತಿತ್ತು. ಬಳಿಕ ಬಂದ ಪಿಂಗ್‌ಓಮ್ಯಾಟಿಕ್ ಒಂದೇ ಬಾರಿಗೆ ಹಲವು ಸೇವೆಗಳಿಗೆ ಪಿಂಗ್ ಕಳಿಸತೊಡಗಿತು. ವರ್ಡ್‌ಪ್ರೆಸ್ ಅದನ್ನು ತನ್ನೊಳಗೇ ಅಳವಡಿಸಿಕೊಂಡಿತು. 2002ರಲ್ಲಿ ಡೇವಿಡ್ ಸಿಫ್ರಿ ಸ್ಥಾಪಿಸಿದ ಟೆಕ್ನೊರಾಟಿ ಇಂಥ ಪಿಂಗ್‌ಗಳನ್ನು ಆಧರಿಸಿ ಬೆಳೆದು, ಎಷ್ಟು ತಾಣಗಳು ಲಿಂಕ್ ಕೊಟ್ಟಿವೆ ಎಂಬುದರ ಮೇಲೆ ಬ್ಲಾಗುಗಳಿಗೆ ಶ್ರೇಯಾಂಕ ಕೊಟ್ಟಿತು. ಗೂಗಲ್ ಕೂಡ ಲಿಂಕ್‌ಗಳನ್ನೇ ಎಣಿಸುತ್ತಿತ್ತು. ಈ ಎರಡು ಎಣಿಕೆಗಳು ಸೇರಿದ ಮೇಲೆ ಡೈರೆಕ್ಟರಿಯಲ್ಲಿ ಹೆಸರು ಹಚ್ಚುವುದರ ಅರ್ಥವೇ ಬದಲಾಯಿತು. ಅಲ್ಲಿ ಯಾರೂ ಓದದಿದ್ದರೂ ಒಂದು ಲಿಂಕ್ ದಕ್ಕುತ್ತಿತ್ತು. ಆ ಲಿಂಕ್ ಹಂಚುವುದಕ್ಕೆಂದೇ ಡೈರೆಕ್ಟರಿಗಳು ಹುಟ್ಟಿದವು, ಅವುಗಳಿಗೆ ಒಂದೇ ಏಟಿಗೆ ಫೀಡ್ ಸಲ್ಲಿಸುವ ಸಾಫ್ಟ್‌ವೇರ್ ಮಾರಾಟಕ್ಕೆ ಬಂತು. ಕೆಲವು ಡೈರೆಕ್ಟರಿಗಳು ಪ್ರತಿಯಾಗಿ ತಮಗೂ ಲಿಂಕ್ ಕೊಡಿ ಎಂದು ಷರತ್ತು ಹಾಕಿದವು. 2005ರ ಹೊತ್ತಿಗೆ ಯಂತ್ರಗಳು ಬರೆದ, ಕದ್ದ ಬರಹ ತುಂಬಿದ ಸುಳ್ಳು ಬ್ಲಾಗುಗಳು ಪಿಂಗ್ ಪಟ್ಟಿಗಳನ್ನು ಮುಚ್ಚಿಹಾಕುತ್ತಿದ್ದವು. ಟೆಕ್ನೊರಾಟಿ 2014ರಲ್ಲಿ ತನ್ನ ಬ್ಲಾಗು ಪಟ್ಟಿಯನ್ನೇ ತೆಗೆದುಹಾಕಿತು.

ಈ ವಾದಕ್ಕೆ ಎರಡು ಆಕ್ಷೇಪಗಳು ಬರುತ್ತವೆ. ಪತ್ರಿಕೆಯ ಬೆಂಬಲವಿಲ್ಲದ ಒಬ್ಬಂಟಿ ಬರಹಗಾರ ಓದುಗರನ್ನು ಹುಡುಕಿಕೊಂಡು ಹೋಗುವುದು ತಪ್ಪೇ ಎಂಬುದು ಮೊದಲನೆಯದು. ಖಂಡಿತ ತಪ್ಪಲ್ಲ; ಡೈರೆಕ್ಟರಿ ಅವನಿಗೆ ಸಲ್ಲಬೇಕಾದ ಬಾಗಿಲೇ ಆಗಿತ್ತು. ಆದರೆ ಬಾಗಿಲಲ್ಲಿ ಯಾರೂ ತಡೆದು ನೋಡದಿದ್ದಾಗ ಮೊದಲು ಸೋತವನು ಅವನೇ. ಯಂತ್ರದ ಸಾವಿರ ಸಲ್ಲಿಕೆಗಳ ನಡುವೆ ಅವನ ಒಂದು ಸಲ್ಲಿಕೆ ಕಾಣಲಿಲ್ಲ. ಎರಡನೆಯದು ಹೆಚ್ಚು ಗಟ್ಟಿಯಾದ ಆಕ್ಷೇಪ: ಬ್ಲಾಗುಗಳು ಲಕ್ಷಗಟ್ಟಲೆ ಆದಾಗ ಮನುಷ್ಯರು ಕೂತು ಓದಿ ಆರಿಸುವುದು ಸಾಧ್ಯವಿತ್ತೇ? ಎಲ್ಲವನ್ನೂ ಒಂದೇ ಪಟ್ಟಿಗೆ ತರುವುದು ಸಾಧ್ಯವಿರಲಿಲ್ಲ, ಒಪ್ಪಬೇಕು. ಆದರೆ ಎಲ್ಲವೂ ಒಂದೇ ಪಟ್ಟಿಯಲ್ಲಿರಬೇಕು ಎಂಬ ಹಟವೇಕೆ? ಡೆಬಿಯನ್ ಸಾಫ್ಟ್‌ವೇರ್ ಬಳಗದ ಪ್ಲಾನೆಟ್ ಡೆಬಿಯನ್ ತನ್ನವರ ಫೀಡ್‌ಗಳನ್ನಷ್ಟೇ ಜೋಡಿಸಿಕೊಂಡು ಇಂದಿಗೂ ನಡೆಯುತ್ತಿದೆ. ಇನ್ನೂ ದೊಡ್ಡ ಸಾಕ್ಷಿ ಪಾಡ್‌ಕಾಸ್ಟಿನದು. 2005ರ ಜೂನ್‌ನಲ್ಲಿ ಆ್ಯಪಲ್ ಐಟ್ಯೂನ್ಸ್‌ನೊಳಗೆ ತೆರೆದದ್ದು ಅಪ್ಪಟ ಫೀಡ್ ಡೈರೆಕ್ಟರಿ. ಈಗಲೂ ಅಲ್ಲಿ ಸೇರಬೇಕಾದರೆ ಸಾಮಾನ್ಯವಾಗಿ ಆರ್‌ಎಸ್‌ಎಸ್ ವಿಳಾಸ ಕೊಟ್ಟು ಪರಿಶೀಲನೆಗೆ ಒಳಪಡಬೇಕು. ಅದು ಉಳಿದದ್ದು ಕೇಳುಗರು ಅದೇ ಜಾಗದಲ್ಲಿ ಕೂತು ಕೇಳುತ್ತಾರೆ ಎಂಬ ಕಾರಣಕ್ಕೆ. ಫೀಡ್ ಹಳತಾಯಿತು, ಡೈರೆಕ್ಟರಿಯ ಕಾಲ ಹೋಯಿತು ಎಂಬ ವಾದ ಇಲ್ಲಿ ನಿಲ್ಲುವುದಿಲ್ಲ.

ಕನ್ನಡದಲ್ಲಿ ಪಟ್ಟಿಯ ಅಗತ್ಯ ಇನ್ನೂ ತೀವ್ರವಾಗಿತ್ತು. ಮೊದಲ ವರ್ಷಗಳ ಕನ್ನಡ ತಾಣಗಳು ಬಗೆಬಗೆಯ ಫಾಂಟ್‌ಗಳ ಸಂಕೇತಗಳಲ್ಲಿ ಸಿಕ್ಕಿಕೊಂಡಿದ್ದವು. ಸರ್ಚ್ ಎಂಜಿನ್‌ಗೆ ಅದು ಕನ್ನಡವೆಂದು ತಿಳಿಯುತ್ತಲೇ ಇರಲಿಲ್ಲ. ವಿಂಡೋಸ್ ಎಕ್ಸ್‌ಪಿಯಲ್ಲಿ ತುಂಗಾ ಫಾಂಟ್ ಬಂದು, ಯೂನಿಕೋಡ್ ರೂಢಿಯಾದ ಮೇಲಷ್ಟೇ ಹುಡುಕಾಟ ಸಾಧ್ಯವಾಯಿತು. 2005ರಲ್ಲಿ ಆರಂಭವಾದ ಸಂಪದ ತಾಣ ಬರೆಯುವವರನ್ನೂ ಓದುವವರನ್ನೂ ಒಂದೇ ಅಂಗಳಕ್ಕೆ ಕರೆತಂದಿತು. ಅದರಾಚೆಗೆ ಕನ್ನಡದ ನಿಜವಾದ ಡೈರೆಕ್ಟರಿಯೆಂದರೆ ಬ್ಲಾಗುಗಳ ಪಕ್ಕದಲ್ಲಿ ಇರುತ್ತಿದ್ದ ಮೆಚ್ಚಿನ ಬ್ಲಾಗುಗಳ ಪಟ್ಟಿ. ಓದಿ ಇಷ್ಟಪಟ್ಟವರು ಕೈಯಾರೆ ಸೇರಿಸಿದ ಹೆಸರುಗಳವು. ಬೆಂಗಳೂರಿನ ಓದುಗರು ಕರಾವಳಿಯ ಒಬ್ಬ ಅಧ್ಯಾಪಕರ ಪ್ರಬಂಧಗಳನ್ನೋ, ಅಮೆರಿಕದಲ್ಲಿ ನೆಲೆಸಿದ ಕನ್ನಡಿಗರ ಕಥೆಗಳನ್ನೋ ತಲುಪುತ್ತಿದ್ದದ್ದು ಆ ಪಟ್ಟಿಗಳ ದಾರಿಯಲ್ಲೇ. ಬರಹಗಾರರು ಫೇಸ್‌ಬುಕ್ಕಿಗೆ ಹೋದಾಗ ಬಹುಪಾಲು ಪಟ್ಟಿಗಳು ಹಾಗೆಯೇ ನಿಂತುಹೋದವು. ಬ್ಲಾಗ್‌ಸ್ಪಾಟ್‌ನಲ್ಲಿ ಉಳಿದಿರುವ ಹಳೆಯ ಕನ್ನಡ ಬ್ಲಾಗುಗಳ ಫೀಡ್‌ಗಳು ಇನ್ನೂ ಕೆಲಸ ಮಾಡುತ್ತಿವೆ. ಅವನ್ನು ಓದಿ, ಆರಿಸಿ, ವಿಷಯವಾರು ಪಟ್ಟಿ ಮಾಡುವುದಕ್ಕೆ ತಾಂತ್ರಿಕ ಅಡ್ಡಿ ಯಾವುದೂ ಇಲ್ಲ. ಒಂದು ವಿಶ್ವವಿದ್ಯಾಲಯದ ಕನ್ನಡ ವಿಭಾಗವೋ ಒಂದು ಗ್ರಂಥಾಲಯವೋ ಈ ಕೆಲಸವನ್ನು ಕೈಗೆತ್ತಿಕೊಳ್ಳಬೇಕು, ಆ ಪುಟಗಳು ಅಳಿಸಿಹೋಗುವ ಮೊದಲೇ.