ಪಿಕ್ಚರ್ ಬಿಟ್ಟ ಮೇಲಿನ ಮಾತು

ಇತ್ತೀಚೆಗೆ ಒಂದು ವಿಚಾರ ಸಂಕಿರಣಕ್ಕೆ ಹೋಗಿದ್ದೆ. ಭಾಷಣಕಾರರೊಬ್ಬರು ಎರಡು ಮಾತು ಹೇಳಿದರು. ಪ್ರೇಕ್ಷಕರು ಬಾಯಿ ಬಿಟ್ಟು ಅಭಿಪ್ರಾಯ ಹೇಳತೊಡಗಿದ್ದು ಕೈಗೆ ಮೊಬೈಲು ಬಂದ ಮೇಲೆ ಎಂಬುದು ಮೊದಲನೆಯದು. ಸೂಪರ್‌ಹೀರೋ ಸಿನಿಮಾ ನೋಡುವವರ ದಂಡು ದೊಡ್ಡದಾದ್ದರಿಂದಲೇ ಸಣ್ಣ ಚಿತ್ರಗಳು ಸಾಯುತ್ತಿವೆ ಎಂಬುದು ಎರಡನೆಯದು. ಎರಡಕ್ಕೂ ಚಪ್ಪಾಳೆ ಬಿತ್ತು. ನಲವತ್ತೈದು ವರ್ಷದಿಂದ ಊರೂರಿಗೆ ಚಿತ್ರ ಕೊಂಡೊಯ್ದು ತೋರಿಸಿ, ತೋರಿಸಿದ ಮೇಲೆ ಜನ ಏನಂದರು ಎಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡು ಬಂದವನು ನಾನು. ಈ ಎರಡು ಮಾತೂ ನಿಜವಲ್ಲ ಎಂದು ಅಲ್ಲಿ ಹೇಳಲು ಸಮಯ ಸಿಗಲಿಲ್ಲ. ಇಲ್ಲಿ ಹೇಳುತ್ತೇನೆ.

ಕನ್ನಡದ ಮೊದಲ ಟಾಕಿ ‘ಸತಿ ಸುಲೋಚನ’ ಬಂದದ್ದು 1934ರಲ್ಲಿ. ಅಲ್ಲಿಂದ ಅರವತ್ತರ ದಶಕದ ಕೊನೆಯವರೆಗಿನ ಪ್ರೇಕ್ಷಕರ ಮಾತು ನಮಗೆ ಬರಹದಲ್ಲಿ ಹೆಚ್ಚು ಉಳಿದಿಲ್ಲ. ಟೂರಿಂಗ್ ಟಾಕೀಸಿನ ನೆಲದ ಮೇಲೆ ಕೂತವರು ಶಿಳ್ಳೆ ಹೊಡೆದು, ಚಿಲ್ಲರೆ ಕಾಸು ಎಸೆದು, ಅದೇ ಪಿಕ್ಚರಿಗೆ ಮೂರನೇ ಸಲ ಬಂದು ತಮ್ಮ ತೀರ್ಪು ಹೇಳುತ್ತಿದ್ದರು. 1968ರಲ್ಲಿ ‘ಜೇಡರ ಬಲೆ’ಯ ಸಿಐಡಿ 999 ಆಗಿ ರಾಜ್‌ಕುಮಾರ್ ಬಂದಾಗ ಹುಡುಗರು ಆಡಿದ ಮಾತು, ಇವತ್ತಿನ ಹುಡುಗರು ಐರನ್ ಮ್ಯಾನ್ ಬಗ್ಗೆ ಆಡುವ ಮಾತಿಗಿಂತ ಬೇರೆ ಜಾತಿಯದೇನಲ್ಲ. ಪತ್ರಿಕೆಗಳ ವಿಮರ್ಶೆ ಆಗ ಬಹುಪಾಲು ಕಥಾಸಾರ ಮತ್ತು ಹಾಡುಗಳ ಪಟ್ಟಿಯಾಗಿತ್ತು.

ಆದರೆ ನೋಡಿದ್ದನ್ನು ಒರೆಗೆ ಹಚ್ಚುವ ಅಭ್ಯಾಸ ನಮ್ಮ ಮಲೆನಾಡು, ಕರಾವಳಿಯ ಜನಕ್ಕೆ ಸಿನಿಮಾದಿಂದ ಬಂದದ್ದಲ್ಲ. ಬೆಳಗಿನ ತನಕ ಯಕ್ಷಗಾನದ ಆಟ ನೋಡಿ, ಕಣ್ಣು ಕೆಂಪು ಮಾಡಿಕೊಂಡು ಹೋಟೆಲಿನಲ್ಲಿ ಚಾ ಕುಡಿಯುತ್ತಾ, ಕೌರವನ ಪ್ರವೇಶ ಹೇಗಿತ್ತು, ಭಾಗವತರು ಎಲ್ಲಿ ಎಳೆದರು ಎಂದು ವಾದ ಮಾಡುತ್ತಿದ್ದವರು ನಮ್ಮ ಅಪ್ಪಂದಿರು. ತಾಳಮದ್ದಲೆಯಲ್ಲಂತೂ ಮಾತೇ ಎಲ್ಲ. ವಾಲಿ ಸಾಯುತ್ತಾನೆಂದು ಎಲ್ಲರಿಗೂ ಗೊತ್ತು. ಆದರೂ ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿ ಇವತ್ತು ರಾಮನಿಗೆ ಏನು ಕೇಳುತ್ತಾನೆಂದು ಕೇಳಲು ಗಾಡಿ ಕಟ್ಟಿಕೊಂಡು ಹೋಗುತ್ತಿದ್ದರು. ಕಥೆಯ ಕೊನೆ ಗೊತ್ತಿದ್ದೂ ಹೋಗುವ ಈ ಪ್ರೇಕ್ಷಕರನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಮುಂದೆ ಅವರು ಬೇಕಾಗುತ್ತಾರೆ.

ಇನ್ನು ಚಿತ್ರಸಮಾಜಗಳ ಕಾಲ. 1947ರಲ್ಲಿ ಕಲ್ಕತ್ತಾ ಫಿಲ್ಮ್ ಸೊಸೈಟಿ, 1959ರಲ್ಲಿ ಸತ್ಯಜಿತ್ ರಾಯ್ ಅಧ್ಯಕ್ಷರಾಗಿ ಚಿತ್ರಸಮಾಜಗಳ ಅಖಿಲ ಭಾರತ ಒಕ್ಕೂಟ, 1964ರಲ್ಲಿ ಪುಣೆಯ ರಾಷ್ಟ್ರೀಯ ಚಲನಚಿತ್ರ ಭಂಡಾರ. ನಮ್ಮಲ್ಲಿ 1970ರ ‘ಸಂಸ್ಕಾರ’ ಮೊದಲು ಸೆನ್ಸಾರಿನ ನಿಷೇಧ, ಆಮೇಲೆ ಅತ್ಯುತ್ತಮ ಚಿತ್ರದ ರಾಷ್ಟ್ರಪ್ರಶಸ್ತಿ ಎರಡನ್ನೂ ಕಂಡು ಊರೂರಲ್ಲಿ ಮಾತು ಹುಟ್ಟಿಸಿತು. ಮರುವರ್ಷ ಬೆಂಗಳೂರಿನಲ್ಲಿ ‘ಸುಚಿತ್ರ’ ಶುರುವಾಯಿತು. 1973ರಲ್ಲಿ ಹೆಗ್ಗೋಡಿನ ನೀನಾಸಂ ತನ್ನ ಚಿತ್ರಸಮಾಜ ಕಟ್ಟಿತು. ನನ್ನ ಮಟ್ಟಿಗೆ ಕನ್ನಡದ ಪ್ರೇಕ್ಷಕರ ಇತಿಹಾಸ ತಿರುವು ತೆಗೆದುಕೊಂಡದ್ದು ಅಲ್ಲೇ. ದೊಡ್ಡ ಚಿತ್ರಗಳು ದೊಡ್ಡ ಊರಿನವರಿಗೆ ಎಂಬುದನ್ನು ನೀನಾಸಂನ ಕೆ.ವಿ. ಸುಬ್ಬಣ್ಣ ಒಪ್ಪಲಿಲ್ಲ. ಅಡಿಕೆ ಸುಲಿಯುವವರು, ಗದ್ದೆ ಕೆಲಸದವರು, ಶಾಲೆಯ ಮಕ್ಕಳು ಜಗತ್ತಿನ ಒಳ್ಳೆಯ ಚಿತ್ರಗಳನ್ನು ನೋಡಿದರು. ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನ ಸತೀಶ್ ಬಹಾದೂರ್ ಚಿತ್ರ ರಸಗ್ರಹಣ ಶಿಬಿರಗಳಲ್ಲಿ ಒಂದೊಂದು ಶಾಟನ್ನೂ ಬಿಡಿಸಿ ತೋರಿಸುತ್ತಿದ್ದರು. ಒಂದು ಚಿತ್ರವನ್ನು ನಿಲ್ಲಿಸಿ, ಹಿಂದಕ್ಕೆ ಹೋಗಿ, ಮತ್ತೆ ನೋಡಿ ಮಾತಾಡಬಹುದು ಎಂಬುದೇ ನಮ್ಮ ತಲೆಮಾರಿಗೆ ಹೊಸ ವಿದ್ಯೆ.

ಆ ದಿನಗಳ ಒಂದು ಪ್ರದರ್ಶನವನ್ನು ಹೇಳಬೇಕು. ನಾವು ಒಂದು ಹಳ್ಳಿಯ ಶಾಲೆಯಲ್ಲಿ ‘ಬೈಸಿಕಲ್ ಥೀವ್ಸ್’ ತೋರಿಸುತ್ತಿದ್ದೆವು. ಇದ್ದದ್ದು 16 ಎಂಎಂನ ಒಂದೇ ಪ್ರೊಜೆಕ್ಟರು. ಒಂದು ರೀಲು ಮುಗಿದರೆ ದೀಪ ಹಾಕಿ, ಸುತ್ತಿದ್ದನ್ನು ಬಿಚ್ಚಿ, ಮುಂದಿನದನ್ನು ಏರಿಸಬೇಕು. ಆ ಐದು ಹತ್ತು ನಿಮಿಷ ನಮಗೆ ಮೊದಮೊದಲು ಮುಜುಗರ ತರುತ್ತಿತ್ತು. ಆಮೇಲೆ ಗೊತ್ತಾಯಿತು, ಚರ್ಚೆ ನಡೆಯುತ್ತಿದ್ದದ್ದೇ ಆಗ. ಸೈಕಲ್ಲು ಸಿಗುತ್ತದೋ ಇಲ್ಲವೋ ಎಂದು ಗಂಡಸರು ಪಣ ಕಟ್ಟಿದರು. ಚಿತ್ರ ಮುಗಿದು ನಾವು ನಿಯೋರಿಯಲಿಸಂ ಬಗ್ಗೆ ಬರೆದುಕೊಂಡು ಬಂದಿದ್ದನ್ನು ಓದುವ ಮೊದಲೇ, ಹಿಂದಿನ ಸಾಲಿನ ಹೆಂಗಸೊಬ್ಬಳು ಎದ್ದು ನಿಂತು ಹೇಳಿದಳು: “ಅಪ್ಪನ ಟೋಪಿ ಎತ್ತಿ ಮಣ್ಣು ಒರೆಸ್ತಲ ಆ ಹುಡುಗ, ಕಥೆ ಅಲ್ಲಿಗೇ ಮುಗೀತು ಮೇಷ್ಟ್ರೇ. ಆಮೇಲೆ ಅಳೂದೆಲ್ಲ ಬೇಕಿರ್ಲಿಲ್ಲ.” ಡಿ ಸಿಕಾನ ಈ ಚಿತ್ರದ ಬಗ್ಗೆ ನಾನು ಓದಿದ್ದು ಕಡಿಮೆಯಲ್ಲ, ಆ ಟೋಪಿಯನ್ನು ಅಷ್ಟು ಗಟ್ಟಿಯಾಗಿ ಹಿಡಿದವರನ್ನು ಮತ್ತೆ ಕಂಡಿಲ್ಲ. ಪ್ರೇಕ್ಷಕರು ಬಾಯಿ ಬಿಡಲು ಈಗ ಕಲಿತರು ಎನ್ನುವವರಿಗೆ ನೋಟ್‌ಬುಕ್ಕಿನ ಆ ಪುಟ ತೆರೆದು ತೋರಿಸಲು ಸಿದ್ಧನಿದ್ದೇನೆ.

ನಮ್ಮಿಂದ ಒಂದು ದೊಡ್ಡ ತಪ್ಪೂ ಆಯಿತು. ‘ಘಟಶ್ರಾದ್ಧ’ದ ಬಗ್ಗೆ, ‘ಚೋಮನ ದುಡಿ’ಯ ಬಗ್ಗೆ ಇಡೀ ರಾತ್ರಿ ಮಾತಾಡಿದ ನಾವು, ಅದೇ ಜನ ವಾರವಾರ ದುಡ್ಡು ಕೊಟ್ಟು ನೋಡುತ್ತಿದ್ದ ಚಿತ್ರಗಳ ಬಗ್ಗೆ ಅವರನ್ನು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. 1978ರ ‘ಸೂಪರ್‌ಮ್ಯಾನ್’ ಕೂಡ ನಮ್ಮ ಕಾಲದ ಚಿತ್ರವೇ. ನನ್ನ ನೋಟ್‌ಬುಕ್ಕುಗಳಲ್ಲಿ ಅದರ ಬಗ್ಗೆ ಒಂದು ಸಾಲಿಲ್ಲ. ಹಾರುವ ಮನುಷ್ಯನಲ್ಲಿ ಜನ ಕಂಡದ್ದೇನು ಎಂದು ಕೇಳಬೇಕಿತ್ತು. ಹನುಮಂತ ಲಂಕೆಗೆ ಹಾರುವುದನ್ನು ಆಟದಲ್ಲಿ ನೋಡಿ ಬೆಳೆದವರಿಗೆ ಹೇಳಲು ಏನಾದರೂ ಇದ್ದೇ ಇರುತ್ತಿತ್ತು.

ಎಂಬತ್ತರ ದಶಕದಲ್ಲಿ ಟಿವಿ, ವೀಡಿಯೊ ಕ್ಯಾಸೆಟ್ಟು ಬಂದು ಚಿತ್ರಸಮಾಜಗಳು ತೆಳುವಾದವು. ಹಲವು ಮುಚ್ಚಿದವು. ಉಳಿದವರು ಉತ್ಸವಗಳಿಗೆ ಹೊರಳಿಕೊಂಡರು. ಉತ್ಸವದಲ್ಲಿ ದಿನಕ್ಕೆ ಐದು ಚಿತ್ರ ನೋಡಬಹುದು, ಒಂದರ ಬಗ್ಗೆಯೂ ಕೂತು ಮಾತಾಡಲು ಪುರುಸೊತ್ತಿಲ್ಲ.

2013ರ ‘ಲೂಸಿಯಾ’ ಬೇರೆ ದಾರಿ ತೆರೆಯಿತು. ಗಾಂಧಿನಗರದ ನಿರ್ಮಾಪಕರ ಬಾಗಿಲು ತಟ್ಟುವುದು ಬಿಟ್ಟು ಪವನ್ ಕುಮಾರ್ ನೂರಕ್ಕೂ ಹೆಚ್ಚು ಪ್ರೇಕ್ಷಕರಿಂದ ಅರ್ಧ ಕೋಟಿಯಷ್ಟು ಹಣ ಎತ್ತಿದರು. ಚಿತ್ರ ನೋಡುವ ಮೊದಲೇ ಅದರ ಮೇಲೆ ಹಕ್ಕಿನಿಂದ ಮಾತಾಡುವ ಪ್ರೇಕ್ಷಕರು ಹುಟ್ಟಿದರು. ಹತ್ತು ವರ್ಷದ ನಂತರ ಪೂರ್ಣಚಂದ್ರ ತೇಜಸ್ವಿಯವರ ಓದುಗರೇ ಹಣ ಹಾಕಿ ‘ಡೇರ್‌ಡೆವಿಲ್ ಮುಸ್ತಾಫಾ’ ಮಾಡಿದಾಗ ಓದಿದ ಕಥೆಯ ಮತ್ತು ಕಂಡ ಚಿತ್ರದ ನಡುವಿನ ಚರ್ಚೆ ಕಾಲೇಜು ಹುಡುಗರ ಬಾಯಲ್ಲಿ ನಡೆಯಿತು.

ಈ ಎರಡರ ನಡುವೆ ‘ತಿಥಿ’. ಮಂಡ್ಯದ ನೊದೆಕೊಪ್ಪಲಿನಲ್ಲಿ, ಎಂದೂ ಕ್ಯಾಮೆರಾ ಮುಂದೆ ನಿಲ್ಲದ ಊರವರನ್ನೇ ಇಟ್ಟುಕೊಂಡು ರಾಮ್ ರೆಡ್ಡಿ ಮಾಡಿದ, ಈರೇಗೌಡರು ಬರವಣಿಗೆಯಲ್ಲಿ ಜೊತೆಯಾದ ಚಿತ್ರ. 2015ರಲ್ಲಿ ಲೊಕಾರ್ನೊದಲ್ಲಿ ಗೆದ್ದು ಮರುವರ್ಷ ನಮ್ಮ ಥಿಯೇಟರಿಗೆ ಬಂತು. ಉತ್ಸವದ ಚಿತ್ರವೆಂದರೆ ಮೌನ, ನಿಧಾನ, ಮಳೆ ಎಂದುಕೊಂಡವರಿಗೆ ಸೆಂಚುರಿ ಗೌಡರ ಬೈಗುಳದಿಂದಲೇ ಉತ್ತರ ಸಿಕ್ಕಿತು. ನಾನು ನೋಡಿದ ಶೋನಲ್ಲಿ ಇಡೀ ಹಾಲು ನಕ್ಕು ನಕ್ಕು ಸುಸ್ತಾಗಿತ್ತು. ಗಡ್ಡಪ್ಪ ಕುರಿ ಕಾಯುವವರ ಜೊತೆ ಬೆಂಕಿ ಮುಂದೆ ಕೂತು ತನ್ನ ಬದುಕಿನ ಕಥೆ ಹೇಳತೊಡಗಿದಾಗ ಒಬ್ಬರೂ ಉಸಿರೆತ್ತಲಿಲ್ಲ. ಹೊರಗೆ ಬಂದಾಗ ಬೈಕಿನ ಸ್ಟ್ಯಾಂಡಿನಲ್ಲಿ ಇಬ್ಬರು ಜಗಳಕ್ಕೇ ಬಿದ್ದಿದ್ದರು: ಅಪ್ಪ ಬದುಕಿರುವಾಗಲೇ ಸತ್ತ ಎಂದು ಕಾಗದ ಮಾಡಿಸಿದ ತಮ್ಮಣ್ಣನದು ತಪ್ಪೋ, ಜಮೀನಿನ ಬಗ್ಗೆ ಚಿಂತೆಯೇ ಇಲ್ಲದೆ ಅಲೆಯುವ ಗಡ್ಡಪ್ಪನದು ತಪ್ಪೋ. ಇಂಥ ಪ್ರೇಕ್ಷಕರು ಇರುವಾಗ ಸಣ್ಣ ಚಿತ್ರಕ್ಕೆ ಜನವಿಲ್ಲ ಎಂದು ಹೇಳಲು ನನಗೆ ಬಾಯಿ ಬರುವುದಿಲ್ಲ.

ಸೂಪರ್‌ಹೀರೋ ಚಿತ್ರಗಳ ಕಡೆಗೆ ಬರುತ್ತೇನೆ. 2019ರಲ್ಲಿ ಮಾರ್ಟಿನ್ ಸ್ಕಾರ್ಸೆಸಿ ಇವು ಸಿನಿಮಾವೇ ಅಲ್ಲ, ಜಾತ್ರೆಯ ತೊಟ್ಟಿಲಿಗೆ ಹತ್ತಿರ ಎಂಬರ್ಥದ ಮಾತು ಹೇಳಿದರು. ನಮ್ಮವರು ಅದನ್ನು ಬಹಳ ಸಂತೋಷದಿಂದ ಹಿಡಿದುಕೊಂಡರು. ಸ್ಕಾರ್ಸೆಸಿಯ ಆತಂಕವಿದ್ದದ್ದು ಥಿಯೇಟರಿನಲ್ಲಿ ಬೇರೆ ಚಿತ್ರಗಳಿಗೆ ಜಾಗ ಸಿಗದ ಬಗ್ಗೆ. ಆ ಭಾಗ ನಮ್ಮಲ್ಲಿ ಕಡಿಮೆ ಜನಕ್ಕೆ ಮುಟ್ಟಿತು. ಅದೇ ವರ್ಷ ‘ಅವೆಂಜರ್ಸ್: ಎಂಡ್‌ಗೇಮ್’ ಭಾರತದಲ್ಲಿ ಇಂಗ್ಲಿಷ್, ಹಿಂದಿ, ತಮಿಳು, ತೆಲುಗಿನಲ್ಲಿ ಬಂತು. ಕನ್ನಡದಲ್ಲಿ ಬರಲಿಲ್ಲ. ಅರವತ್ತರ ದಶಕದಿಂದ ನಡೆದುಬಂದ ಡಬ್ಬಿಂಗ್ ವಿರೋಧಕ್ಕೆ ಆಗಿನ ಕಾಲದ ಕಾರಣಗಳಿದ್ದವು. ಕನ್ನಡ ಚಿತ್ರರಂಗ ಕಾಲೂರಿದ್ದರಲ್ಲಿ ಅದರ ಪಾಲೂ ಇದೆ. 2015ರಲ್ಲಿ ಸ್ಪರ್ಧಾ ಆಯೋಗದ ಆದೇಶ ಬಂದ ಮೇಲೂ ಬದಲಾವಣೆ ನಿಧಾನವಾಗಿಯೇ ಆಯಿತು. 2022ರಲ್ಲಿ ‘ಅವತಾರ್’ನ ಎರಡನೇ ಭಾಗ, 2023ರಲ್ಲಿ ಇಂಗ್ಲಿಷೂ ಸೇರಿ ಹತ್ತು ಭಾಷೆಗಳಲ್ಲಿ ಬಂದ ಸ್ಪೈಡರ್‌ಮ್ಯಾನ್ ಅನಿಮೇಶನ್ ಚಿತ್ರ ಕನ್ನಡದಲ್ಲೂ ಮಾತಾಡಿದವು. ಅಷ್ಟರಲ್ಲಿ ಒಂದಿಡೀ ತಲೆಮಾರಿನ ಮಕ್ಕಳು ತಮಗೆ ಪ್ರಿಯವಾದ ಕಥೆಗಳನ್ನು ಬೇರೆ ಭಾಷೆಯಲ್ಲೇ ಕೇಳಿ ದೊಡ್ಡವರಾಗಿದ್ದರು. ಆ ಕಥೆಗಳ ಬಗ್ಗೆ ಕನ್ನಡದಲ್ಲಿ ಗಂಭೀರ ವಿಮರ್ಶೆ ಬೆಳೆಯದಿದ್ದಕ್ಕೆ ಇದೂ ಒಂದು ಕಾರಣ.

ಮಾತು ಇಲ್ಲವೆಂದಲ್ಲ. ‘ಎಂಡ್‌ಗೇಮ್’ ನೋಡಲು ತಂಗಿಯ ಮೊಮ್ಮಗನ ಜೊತೆ ಶಿವಮೊಗ್ಗಕ್ಕೆ ಹೋಗಿದ್ದೆ. ಕ್ಯಾಪ್ಟನ್ ಅಮೆರಿಕಾ ಥಾರ್‌ನ ಸುತ್ತಿಗೆ ಎತ್ತಿದಾಗ ಹೊಡೆದ ಶಿಳ್ಳೆ, ಟೆಂಟಿನಲ್ಲಿ ನಾನು ಹೊಡೆಯುತ್ತಿದ್ದ ಶಿಳ್ಳೆಯೇ. ಗೆಲ್ಲುವುದು ಯಾರೆಂದು ಅಲ್ಲಿದ್ದ ಒಬ್ಬೊಬ್ಬರಿಗೂ ಗೊತ್ತಿತ್ತು. ತಾಳಮದ್ದಲೆಗೆ ಹೋದವರ ಹಾಗೆ, ಹೇಗೆ ಗೆಲ್ಲುತ್ತಾರೆಂದು ನೋಡಲು ಬಂದಿದ್ದರು. ಬಸ್‌ಸ್ಟ್ಯಾಂಡಿನಲ್ಲಿ ಹುಡುಗ ಕೇಳಿದ: “ಅಜ್ಜ, ಅನ್ನ ಸಾಲಲ್ಲ ಅಂತ ಥಾನೋಸ್ ಅರ್ಧ ಜನರನ್ನ ಸಾಯಿಸ್ದ. ಅಷ್ಟು ಶಕ್ತಿ ಇದ್ದವ್ನು ಅನ್ನನೇ ಡಬಲ್ ಮಾಡ್ಬಹುದಿತ್ತಲ್ಲ?” ಭಸ್ಮಾಸುರನ ಕಥೆ ಹೇಳಿದೆ. ವರ ಸಿಕ್ಕವರಿಗೆಲ್ಲ ಬುದ್ಧಿ ಯಾಕೆ ಕೆಡುತ್ತದೆ ಎಂದು ಊರು ಬರುವತನಕ ಮಾತಾಡಿದೆವು.

2025ರಲ್ಲಿ ಬಂದ ಮಲಯಾಳದ ಸೂಪರ್‌ಹೀರೋ ಚಿತ್ರ ‘ಲೋಕಾ’ ನಡೆಯುವುದೇ ಬೆಂಗಳೂರಿನಲ್ಲಿ. ಕಳ್ಳಿಯಂಗಾಟ್ಟು ನೀಲಿ ಎಂಬ ಯಕ್ಷಿಯನ್ನು ಡೊಮಿನಿಕ್ ಅರುಣ್ ಅದರಲ್ಲಿ ಕಾಯುವವಳನ್ನಾಗಿ ಮಾಡಿದ್ದಾರೆ. ನಮ್ಮಲ್ಲಿ ದೊಡ್ಡದಾದದ್ದು ಬೆಂಗಳೂರಿನ ಹೆಣ್ಣುಮಕ್ಕಳ ಕುರಿತ ಒಂದು ಸಂಭಾಷಣೆಯ ವಿವಾದ. ಆಕ್ಷೇಪ ನ್ಯಾಯವಾದದ್ದೇ, ನಿರ್ಮಾಪಕರು ವಿಷಾದವನ್ನೂ ಹೇಳಿದರು. ಜನ ಹೆದರುತ್ತಿದ್ದ ಹೆಣ್ಣು ದೆವ್ವ ಕಾಯುವವಳಾದದ್ದು ಹೇಗೆ ಎಂಬ ಪ್ರಶ್ನೆ, ಚೌಡಿ, ಮಾರಿಯರನ್ನು ನಂಬುವ ನಮಗೆ ಎಷ್ಟು ಹತ್ತಿರದ್ದು! ಅದರ ಬಗ್ಗೆ ಕನ್ನಡದಲ್ಲಿ ಒಂದು ಒಳ್ಳೆಯ ಲೇಖನಕ್ಕಾಗಿ ಇನ್ನೂ ಕಾಯುತ್ತಿದ್ದೇನೆ.

ಹಾಗಾಗಿ ಕೊರತೆ ಇರುವುದು ಪ್ರೇಕ್ಷಕರದ್ದಲ್ಲ, ಜಾಗ ಮತ್ತು ಸಮಯದ್ದು. ಹೊಸಬರ ಚಿತ್ರಕ್ಕೆ ಸಿಗುವುದು ಬೆಳಗಿನ ಒಂದು ಶೋ. ನೋಡಿದವನು ಇನ್ನೊಬ್ಬನಿಗೆ ಹೇಳಿ, ಅವನು ಬಿಡುವು ಮಾಡಿಕೊಳ್ಳುವಷ್ಟರಲ್ಲಿ ಶುಕ್ರವಾರ ಬಂದು ಚಿತ್ರ ತೆಗೆದಿರುತ್ತಾರೆ. ದೊಡ್ಡ ಚಿತ್ರಗಳಿಗೆ ಇದರ ತಿರುಗುಮುರುಗು ಭಯ: 2024ರಲ್ಲಿ ತಮಿಳು ನಿರ್ಮಾಪಕರು ಮೊದಲ ಮೂರು ದಿನ ವಿಮರ್ಶೆ ತಡೆಯಿರಿ ಎಂದು ಹೈಕೋರ್ಟಿಗೆ ಹೋದರು. ಬಾಯಿ ಮುಚ್ಚಿಸುವುದರಿಂದ ಯಾವ ಚಿತ್ರಕ್ಕೂ ಒಳ್ಳೆಯದಾಗುವುದಿಲ್ಲ. ಮಾತು ಮಾಗಲು ಎರಡು ವಾರ ಪರದೆ ಸಿಕ್ಕರೆ ಆದೀತು. ಹಿಂದೆ ಆಡಿದ ಮಾತಿಗೂ ಜಾಗವಿಲ್ಲ: ಚಿತ್ರಸಮಾಜಗಳಲ್ಲಿ ಜನರ ಅಭಿಪ್ರಾಯ ಬರೆದಿಟ್ಟ ಹಳೆಯ ಪುಸ್ತಕಗಳನ್ನು ನಾನು ಕಂಡಂತೆ ಯಾರೂ ಸಂಗ್ರಹಿಸಿಲ್ಲ. ನನ್ನವುಗಳಲ್ಲಿ ಮೂರನ್ನು ಗೆದ್ದಲು ತಿಂದಿದೆ.

ಇತ್ತೀಚೆಗೆ ನಮ್ಮೂರಿನ ಶಾಲೆಯಲ್ಲಿ ಜೈಶಂಕರ್ ಆರ್ಯರ್ ಅವರ ‘ಶಿವಮ್ಮ’ ಹಾಕಿದ್ದೆವು. 2022ರಲ್ಲಿ ಬುಸಾನ್‌ನಲ್ಲಿ ಪ್ರಶಸ್ತಿ ಪಡೆದ ಚಿತ್ರ. ಕೊಪ್ಪಳ ಸೀಮೆಯ ಯರೇಹಂಚಿನಾಳದಲ್ಲಿ ಶಾಲೆಯ ಅಡುಗೆಯವಳೊಬ್ಬಳು ಶಕ್ತಿ ಬರುವ ಪುಡಿಯ ಡಬ್ಬಗಳನ್ನು ಮಾರಲು ಹೊರಟು ಸಾಲಕ್ಕೆ ಬೀಳುವ ಕಥೆ. ದೀಪ ಹಾಕಿದಾಗ ನಮ್ಮ ಬಿಸಿಯೂಟದ ಅಕ್ಕ ಮೊದಲು ಎದ್ದಳು. “ಆ ಥರದ್ದು ನಮ್ಮೂರಲ್ಲೂ ಮಾರಿದಾರೆ ಮೇಷ್ಟ್ರೇ, ನಾನೇ ಎರಡು ಡಬ್ಬ ತಗಂಡಿದ್ದೆ. ಮಾರಕ್ಕೆ ಬಂದೋಳಿಗೆ ಬೈದು ಕಳಿಸಿದ್ದೆ, ಪಾಪ.” ಹಿಂದಿನಿಂದ ಪಿಯುಸಿ ಹುಡುಗನೊಬ್ಬ, ಎದೆ ಮೇಲೆ ಜೇಡದ ಚಿತ್ರವಿದ್ದ ಟೀಶರ್ಟು ಹಾಕಿದವನು, ಕೈ ಎತ್ತಿದ. “ಸ್ಪೈಡರ್‌ಮ್ಯಾನ್ ಹತ್ರನೂ ರೂಮ್ ಬಾಡಿಗೆಗೆ ದುಡ್ಡಿರಲ್ಲ ಸಾರ್. ಆದ್ರೆ ಅವ್ನಿಗೆ ಸಾಲ ಕೇಳ್ಕೊಂಡು ಮನೆ ಬಾಗ್ಲಿಗೆ ಇಷ್ಟು ಜನ ಬರಲ್ಲ.” ಅಕ್ಕ ಅವನ ಕಡೆ ತಿರುಗಿ, ಅದ್ಯಾವ ಪಿಕ್ಚರು, ಬಾಡಿಗೆ ಕಟ್ಟಕ್ಕಾಗದವ ಊರು ಹೆಂಗೆ ಕಾಯ್ತಾನೆ ಎಂದು ಕೇಳಿದಳು. ಅವನು ಬೆಂಚಿನ ತುದಿಗೆ ಸರಿದು ಜಾಗ ಮಾಡಿಕೊಟ್ಟ. ಒಂಬತ್ತೂವರೆಯ ಕೊನೆಯ ಬಸ್ಸು ಹಾರ್ನ್ ಹಾಕುವವರೆಗೂ ಅವನು ಹೇಳುತ್ತಲೇ ಇದ್ದ, ನಾನು ಇಬ್ಬರ ಮಾತನ್ನೂ ಬರೆದುಕೊಂಡೆ.